ಶೇಕಡಾ ನೂರರ ಲೆಕ್ಕಕ್ಕೆ ಸಿಗದ ಮಕ್ಕಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಎರಡು-ಮೂರು ದಿನಗಳಲ್ಲಿ ಬೆಂಗಳೂರಿನ ಉತ್ತರ ಭಾಗದ ರಸ್ತೆಗಳಲ್ಲಿ ಒಮ್ಮೆ ಸುತ್ತಾಡಿ ಬನ್ನಿ. ಯಶವಂತಪುರ, ಮತ್ತಿಕೆರೆಯಿಂದ ಹಿಡಿದು ಹೆಬ್ಬಾಳ, ಆರ್.ಟಿ. ನಗರ, ಯಲಹಂಕದವರೆಗೆ ಶಾಲೆಗಳ ಆವರಣ ಗೋಡೆಗಳ ಮೇಲೆ, ವಿದ್ಯುತ್ ಕಂಬಗಳ ನಡುವೆ ಮಕ್ಕಳ ಭಾವಚಿತ್ರಗಳು ತೂಗಾಡುತ್ತಿರುತ್ತವೆ. 625ಕ್ಕೆ 618, 612, 609. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಶೇಕಡಾ ನೂರು ಫಲಿತಾಂಶ’. (ಅಂದಹಾಗೆ, ನಗರದಲ್ಲಿ ಫ್ಲೆಕ್ಸ್‌ಗಳಿಗೆ 2018ರಲ್ಲೇ ನಿಷೇಧ ಬಂದಿದೆ. ಶಿಸ್ತಿಗೆ ಹೆಸರಾದ ಶಾಲೆಗಳಿಗೆ ಅದು ಅನ್ವಯಿಸುವುದಿಲ್ಲವೇನೋ!) ಭಾವಚಿತ್ರದಲ್ಲಿರುವ ಮಕ್ಕಳು ದುಡಿದಿದ್ದಾರೆ, ಅವರ ಸಂತೋಷದಲ್ಲಿ ನಾವೂ ಪಾಲುದಾರರು. ನಮ್ಮ ಪ್ರಶ್ನೆ ಇರುವುದು ಅವರ ಬಗ್ಗೆ ಅಲ್ಲ, ಕೆಳಗಿರುವ ಆ ನೂರರ ಬಗ್ಗೆ.

ಶೇಕಡಾವಾರು ಎಂಬುದು ಒಂದು ಭಿನ್ನರಾಶಿ. ಅದಕ್ಕೆ ಮೇಲೊಂದು ಅಂಶ, ಕೆಳಗೊಂದು ಛೇದ ಇರುತ್ತದೆ. ಶಾಲೆಗಳು ನಮಗೆ ತೋರಿಸುವುದು ಅಂಶವನ್ನು. ಛೇದವನ್ನು ಯಾರೂ ಕೇಳುವುದಿಲ್ಲ. ಒಂದು ಶಾಲೆಯ ಎಂಟನೆಯ ತರಗತಿಯಲ್ಲಿ ಎಂಬತ್ತು ಮಕ್ಕಳಿದ್ದರು ಎಂದಿಟ್ಟುಕೊಳ್ಳಿ. ಎರಡು ವರ್ಷಗಳ ಬಳಿಕ ಆ ಶಾಲೆಯಿಂದ ಎಸ್ಸೆಸ್ಸೆಲ್ಸಿ ಬರೆದವರು ಅರುವತ್ತು ಮಂದಿ. ಅರುವತ್ತೂ ಮಂದಿ ತೇರ್ಗಡೆಯಾದರು. ಫಲಿತಾಂಶ ಶೇಕಡಾ ನೂರು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಉಳಿದ ಇಪ್ಪತ್ತು ಮಂದಿ ಎಲ್ಲಿ ಹೋದರು?

ಈ ಪ್ರಶ್ನೆಗೆ ಉತ್ತರ ಇರುವುದು ಒಂಬತ್ತನೆಯ ತರಗತಿಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರವೇಶದ ವೇಳೆ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ, ಎಂಟನೆಯ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಆ ಕಾಯ್ದೆಯ ರಕ್ಷಣೆ ಎಂಟಕ್ಕೆ ಕೊನೆಗೊಳ್ಳುತ್ತದೆ. ಬೋರ್ಡಿನ ಪರೀಕ್ಷೆ ಇರುವುದು ಹತ್ತರಲ್ಲಿ. ಇವೆರಡರ ನಡುವೆ ಉಳಿಯುವ ಒಂದೇ ಒಂದು ತರಗತಿಯನ್ನು ಹಲವು ಪ್ರತಿಷ್ಠಿತ ಶಾಲೆಗಳು ಜರಡಿಯಾಗಿ ಮಾಡಿಕೊಂಡಿವೆ. ವಿಧಾನ ಹೆತ್ತವರಿಗೆಲ್ಲ ಗೊತ್ತು. ಅರ್ಧವಾರ್ಷಿಕ ಪರೀಕ್ಷೆಯ ಬಳಿಕ ತಂದೆ-ತಾಯಿಯನ್ನು ಕರೆಸಲಾಗುತ್ತದೆ. ನಿಮ್ಮ ಮಗುವಿಗೆ ಈ ಸಿಲೆಬಸ್ ಭಾರವಾಗುತ್ತಿದೆ ಎಂದು ಬಹಳ ಸೌಜನ್ಯದಿಂದಲೇ ಹೇಳಲಾಗುತ್ತದೆ. ಮಾರ್ಚ್ ಬರುತ್ತಲೇ ಒಂದು ಆಯ್ಕೆಯನ್ನು ಮುಂದಿಡಲಾಗುತ್ತದೆ. ಇಲ್ಲೇ ಇರುವುದಾದರೆ ಒಂಬತ್ತರಲ್ಲಿ ಅನುತ್ತೀರ್ಣ, ವರ್ಗಾವಣೆ ಪತ್ರ ಪಡೆದು ಬೇರೆ ಕಡೆ ಹೋಗುವುದಾದರೆ ಉತ್ತೀರ್ಣ. ಒಂದೇ ಉತ್ತರ ಪತ್ರಿಕೆಗೆ ಎರಡು ಫಲಿತಾಂಶ! ಇನ್ನು ಕೆಲವರಿಗೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯುವ ದಾರಿ ತೋರಿಸಲಾಗುತ್ತದೆ. ಖಾಸಗಿ ಅಭ್ಯರ್ಥಿಯ ಅಂಕ ಶಾಲೆಯ ಖಾತೆಗೆ ಸೇರುವುದಿಲ್ಲವಲ್ಲ.

ಹೀಗೆ ಹೊರಬಿದ್ದ ಮಗು ಸಾಮಾನ್ಯವಾಗಿ ಸೇರುವುದು ಸಮೀಪದ ಸರ್ಕಾರಿ ಪ್ರೌಢಶಾಲೆಗೆ ಅಥವಾ ಹೆಸರಿಲ್ಲದ ಪುಟ್ಟ ಖಾಸಗಿ ಶಾಲೆಗೆ. ಮರುವರ್ಷ ಆ ಸರ್ಕಾರಿ ಶಾಲೆಯ ಫಲಿತಾಂಶ ಕುಸಿಯುತ್ತದೆ. ಇಲಾಖೆಯಿಂದ ಮುಖ್ಯೋಪಾಧ್ಯಾಯರಿಗೆ ನೋಟಿಸು ಬರುತ್ತದೆ. ಸರ್ಕಾರಿ ಶಾಲೆಗಳು ಹಾಳಾಗಿವೆ ಎಂದು ನಾವು ಮಾತಾಡಿಕೊಳ್ಳುತ್ತೇವೆ, ನಮ್ಮ ಮಗುವನ್ನು ಶೇಕಡಾ ನೂರರ ಶಾಲೆಗೆ ಸೇರಿಸಲು ಸಾಲ ಮಾಡುತ್ತೇವೆ.

ಹೊರಹಾಕುವುದು ಕೊನೆಯ ಹಂತ. ಅದಕ್ಕಿಂತ ಮೊದಲೇ ಶಾಲೆಯೊಳಗೆ ಒಂದು ವಿಂಗಡಣೆ ನಡೆದಿರುತ್ತದೆ. ಏಳನೆಯ ಅಥವಾ ಎಂಟನೆಯ ತರಗತಿಯ ಅಂಕಗಳನ್ನು ಆಧರಿಸಿ ಮಕ್ಕಳನ್ನು ‘ಎ’, ‘ಬಿ’, ‘ಸಿ’ ಸೆಕ್ಷನ್‌ಗಳಿಗೆ ಹಂಚಲಾಗುತ್ತದೆ. ಅಕ್ಷರಗಳು ಕಿವಿಗೆ ಒರಟಾಗಿ ಕೇಳಿಸುತ್ತವೆಂದು ಕೆಲವರು ಹೂಗಳ ಹೆಸರಿಡುತ್ತಾರೆ, ಕೆಲವರು ನದಿಗಳ ಹೆಸರಿಡುತ್ತಾರೆ. ಯಾವ ನದಿ ಎಲ್ಲಿಗೆ ಹರಿಯುತ್ತದೆ ಎಂಬುದು ಮಕ್ಕಳಿಗೆ ಮೊದಲ ವಾರದಲ್ಲೇ ತಿಳಿದುಬಿಡುತ್ತದೆ. ಈಗಂತೂ ಆರನೆಯ ತರಗತಿಯಿಂದಲೇ ‘ಫೌಂಡೇಶನ್’ ಬ್ಯಾಚ್ ಎಂಬ ಹೆಸರಿನಲ್ಲಿ ನೀಟ್, ಜೆಇಇಗಳ ತಯಾರಿ ಆರಂಭವಾಗಿದೆ. ಹದಿನಾರು ತುಂಬದ ಮಕ್ಕಳನ್ನು ಕೋಚಿಂಗ್ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ಶಾಲೆಯೇ ಕೋಚಿಂಗ್ ಕೇಂದ್ರವಾದರೆ ಯಾವ ಮಾರ್ಗಸೂಚಿ ಏನು ಮಾಡೀತು?

ವಿಂಗಡಣೆಯಾದ ಮೇಲೆ ನಡೆಯುವುದನ್ನು ಗಮನಿಸಬೇಕು. ಅನುಭವಿ ಗಣಿತ ಶಿಕ್ಷಕರು ‘ಎ’ಗೆ ಹೋಗುತ್ತಾರೆ, ಕಳೆದ ತಿಂಗಳು ಸೇರಿದ ತಾತ್ಕಾಲಿಕ ಶಿಕ್ಷಕಿ ‘ಸಿ’ಗೆ. ‘ಎ’ಯಲ್ಲಿ ಇಡೀ ಪಾಠ ನಡೆಯುತ್ತದೆ. ‘ಸಿ’ಯಲ್ಲಿ ‘ಪಾಸಿಂಗ್ ಪ್ಯಾಕೇಜ್’ ನಡೆಯುತ್ತದೆ. ನಕ್ಷೆ ಗುರುತಿಸು, ಚಿತ್ರ ಬಿಡಿಸು, ಈ ಹತ್ತು ಪ್ರಶ್ನೆಗಳನ್ನು ಬಾಯಿಪಾಠ ಮಾಡು, ಉಳಿದದ್ದು ನಿನಗೆ ಬೇಡ. ಪರೀಕ್ಷೆಗೆ ಎರಡು ತಿಂಗಳಿರುವಾಗ ಹಿಂದುಳಿದ ಮಗುವನ್ನು ದಡ ಸೇರಿಸಲು ಶಿಕ್ಷಕರು ಕಂಡುಕೊಂಡ ಉಪಾಯ ಇದು, ಅದರ ಸದುದ್ದೇಶವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಂಟನೆಯ ತರಗತಿಯಿಂದಲೇ ಅದನ್ನೇ ಉಣಬಡಿಸಿದರೆ ಆ ಮಗು ‘ಎ’ಗೆ ಮರಳುವ ಸಾಧ್ಯತೆಯನ್ನು ನಾವೇ ಮುಚ್ಚಿದಂತಾಗಲಿಲ್ಲವೇ? ಕಲಿಸದೇ ಇದ್ದುದನ್ನು ಪರೀಕ್ಷೆಯಲ್ಲಿ ಕೇಳಿ, ನೋಡಿ ಇವನಿಗೆ ಬರುವುದಿಲ್ಲ ಎನ್ನುವುದು ಎಂಥ ನ್ಯಾಯ? ಅಮೆರಿಕದ ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ ಎಂಬ ಸಂಶೋಧಕರು ಒಂದು ಪ್ರಾಥಮಿಕ ಶಾಲೆಯಲ್ಲಿ ನಡೆಸಿದ ಪ್ರಯೋಗವನ್ನು 1968ರಲ್ಲಿ ಪ್ರಕಟಿಸಿದರು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಮಕ್ಕಳನ್ನು ತೋರಿಸಿ, ಇವರು ಈ ವರ್ಷ ಅರಳಲಿದ್ದಾರೆ ಎಂದು ಶಿಕ್ಷಕರಿಗೆ ತಿಳಿಸಲಾಗಿತ್ತು. ವರ್ಷದ ಕೊನೆಗೆ, ಮುಖ್ಯವಾಗಿ ಕೆಳಗಿನ ತರಗತಿಗಳಲ್ಲಿ, ಆ ಮಕ್ಕಳು ಇತರರಿಗಿಂತ ಹೆಚ್ಚು ಮುಂದೆ ಬಂದಿದ್ದರು. ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ವಿದ್ವಾಂಸರು ಆಮೇಲೆ ಬಹಳ ತಕರಾರು ತೆಗೆದಿದ್ದಾರೆ. ಆದರೆ ಮೂವತ್ತು ವರ್ಷ ಪಾಠ ಮಾಡಿದ ಯಾವುದೇ ಪ್ರಾಮಾಣಿಕ ಶಿಕ್ಷಕರನ್ನು ಕೇಳಿ, ತಾವು ಆಸೆ ಕೈಬಿಟ್ಟ ಮಗು ಅದನ್ನು ಹೇಗೆ ಕಂಡುಕೊಳ್ಳುತ್ತದೆ ಎಂದು ಅವರೇ ಹೇಳುತ್ತಾರೆ.

ಮುಸ್ಲಿಮ್ ಕುಟುಂಬಗಳಿಗೆ ಈ ವಿಂಗಡಣೆ ಇನ್ನಷ್ಟು ದುಬಾರಿ. ಸುಲ್ತಾನ್‌ಪಾಳ್ಯ, ಮನೋರಾಯನಪಾಳ್ಯ, ಕಾವಲ್‌ಭೈರಸಂದ್ರದ ಬೀದಿಗಳಲ್ಲಿ ವಾಸಿಸುವ ಮೆಕ್ಯಾನಿಕ್, ದರ್ಜಿ, ಆಟೋ ಚಾಲಕ, ಗುಜರಿ ವ್ಯಾಪಾರಿಯ ಮನೆಯನ್ನು ಗಮನಿಸಿ. ಮನೆಯ ಮಾತು ದಖನಿ ಉರ್ದು. ಶಾಲೆಯ ಮಾಧ್ಯಮ ಇಂಗ್ಲಿಷ್. 2015ರ ಕಾಯ್ದೆಯಂತೆ ಕನ್ನಡವನ್ನೂ ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಯಬೇಕು. ಕಲಿಯಲೇಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಈ ನೆಲದಲ್ಲಿ ಬಾಳುವವರಿಗೆ ಕನ್ನಡ ಹೊರೆಯಲ್ಲ, ಹಕ್ಕು. ಆದರೆ ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಮೂರು ಭಾಷೆಗಳ ಪಾಲು 325, ಅರ್ಧಕ್ಕಿಂತ ಹೆಚ್ಚು. ಹೀಗಿರುವಾಗ ಒಟ್ಟು ಅಂಕಗಳನ್ನು ನೋಡಿ ಸೆಕ್ಷನ್ ಹಂಚಿದರೆ ಗಣಿತದಲ್ಲಿ ಚುರುಕಾಗಿರುವ, ಕನ್ನಡದ ಸಂಧಿ-ಸಮಾಸಗಳಲ್ಲಿ ಎಡವುವ ಹುಡುಗ ‘ಸಿ’ಗೆ ಬೀಳುತ್ತಾನೆ. ಅಲ್ಲಿ ಅವನ ಗಣಿತವೂ ಹೋಗುತ್ತದೆ. ಮನೆಯಲ್ಲಿ ಪಾಠ ಹೇಳಿಕೊಡಬಲ್ಲ ತಾಯಿ, ಟ್ಯೂಶನ್‌ಗೆ ಹಣ ತೆರಬಲ್ಲ ತಂದೆ ಇರುವ ಮಗು ‘ಎ’ಗೆ ಏರುತ್ತದೆ. ಇದನ್ನು ಪ್ರತಿಭೆಯ ವಿಂಗಡಣೆ ಎಂದು ಕರೆಯುವುದು ಸರಿಯೇ?

ಆರರಿಂದ ಹದಿನಾಲ್ಕು ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮುಖ ನೋಡಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತ್ತು. ಆ ವರದಿಯ ಬಳಿಕ ನಮ್ಮ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಶಾಲೆಗೆ ಬಂದರು. ಸಮುದಾಯ ಅದಕ್ಕಾಗಿ ಸಭೆ ನಡೆಸಿತು, ಮಸೀದಿಗಳಲ್ಲಿ ಜುಮಾ ಭಾಷಣಗಳಾದುವು, ವಿದ್ಯಾರ್ಥಿವೇತನದ ನಿಧಿಗಳು ಹುಟ್ಟಿಕೊಂಡುವು. ಹಾಗೆ ಬಾಗಿಲಿನವರೆಗೆ ಕರೆತಂದ ಮಗುವನ್ನು ಒಂಬತ್ತನೆಯ ತರಗತಿಯಲ್ಲಿ ಹಿತ್ತಿಲ ಬಾಗಿಲಿನಿಂದ ಕಳುಹಿಸಿಕೊಡಲಾಗುತ್ತದೆ. ಒಂಬತ್ತರಲ್ಲಿ ಅನುತ್ತೀರ್ಣನಾಗುವ ಹುಡುಗನ ವಯಸ್ಸೆಷ್ಟು? ಹದಿನಾಲ್ಕು, ಹದಿನೈದು. ಶಿಕ್ಷಣ ಹಕ್ಕು ಕಾಯ್ದೆಯ ಕೈ ಬಿಟ್ಟುಹೋಗುವುದು ಹದಿನಾಲ್ಕಕ್ಕೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ ಅಪಾಯಕಾರಿಯಲ್ಲದ ಕೆಲಸಗಳಿಗೆ ಹಚ್ಚುವ ಅವಕಾಶ ತೆರೆದುಕೊಳ್ಳುವುದೂ ಹದಿನಾಲ್ಕಕ್ಕೆ. ಎರಡು ಕಾನೂನುಗಳು ಒಟ್ಟಿಗೆ ಕೈಬಿಡುವ ಆ ಜಾಗದಲ್ಲೇ ಶಾಲೆಯೂ ಅವನ ಕೈ ಬಿಡುತ್ತದೆ. ಮಾಮನ ಗ್ಯಾರೇಜು ಹತ್ತಿರದಲ್ಲೇ ಇದೆ. ಹುಡುಗಿಯಾದರೆ, ಇನ್ನು ಮನೆಗೆಲಸ ಕಲಿಯಲಿ ಎಂಬ ಮಾತು ಅಜ್ಜಿಯಿಂದ ಶುರುವಾಗುತ್ತದೆ, ತಂದೆಯ ಮೌನದಿಂದ ತೀರ್ಮಾನವಾಗುತ್ತದೆ.

ಸೋಜಿಗವೆಂದರೆ, ಇದೇ ಅವಧಿಯಲ್ಲಿ ಸರ್ಕಾರ ಬಾಗಿಲನ್ನು ಅಗಲಗೊಳಿಸುತ್ತಾ ಬಂದಿದೆ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಎಸ್ಸೆಸ್ಸೆಲ್ಸಿ ಬರೆದು ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಬಂತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದು, ಉದಾರವಾಗಿ ಕೃಪಾಂಕ ಕೊಟ್ಟ ಮೇಲೂ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು. ಕೃಪಾಂಕ ಕೈಬಿಟ್ಟ 2025ರ ಮೊದಲ ಪರೀಕ್ಷೆಯಲ್ಲಿ ಶೇ. 66ರ ಆಸುಪಾಸಿಗೆ ಬಂತು. 2025-26ರಿಂದ ತೇರ್ಗಡೆಗೆ ಬೇಕಾದ ಅಂಕ ಶೇ. 35ರಿಂದ 33ಕ್ಕೆ, ಅಂದರೆ 625ಕ್ಕೆ 206ಕ್ಕೆ ಇಳಿದಿದೆ. ಇದರಿಂದ ಗುಣಮಟ್ಟ ಕುಸಿಯುತ್ತದೆಯೇ ಎಂಬ ಚರ್ಚೆ ಬೇರೆ. ನಾವು ಹೇಳುತ್ತಿರುವುದು ಇಷ್ಟು: ಅನುತ್ತೀರ್ಣನಾದವನಿಗೆ ವಾರಗಳೊಳಗೆ ಮತ್ತೆ ಬರೆಯುವ ಅವಕಾಶವನ್ನು ಬೋರ್ಡು ಕೊಡುತ್ತಿರುವಾಗ, ಅನುತ್ತೀರ್ಣನಾಗಬಹುದು ಎಂಬ ಬರಿಯ ಸಂಶಯದ ಮೇಲೆ ಮಗುವನ್ನು ಒಂದು ವರ್ಷ ಮುಂಚೆಯೇ ಹೊರಗೆ ಕಳುಹಿಸಲು ಶಾಲೆಗೆ ಇರುವ ಕಾರಣ ಯಾವುದು? ಜಾಹೀರಾತಿನ ಹೊರತು ಬೇರೇನಾದರೂ ಇದ್ದರೆ ಕೇಳಲು ನಾವು ಸಿದ್ಧ.

ಆರಿಸಿಕೊಳ್ಳುವ ಶಾಲೆಗಳೇ ಇರಬಾರದು ಎಂದು ನಾವು ವಾದಿಸುತ್ತಿಲ್ಲ. ಉತ್ತರ ಬೆಂಗಳೂರಿನ ಬಾಗಲೂರಿನಲ್ಲೇ ಜವಾಹರ್ ನವೋದಯ ವಿದ್ಯಾಲಯವಿದೆ. ಆರನೆಯ ತರಗತಿಗೆ ಎಂಬತ್ತು ಸೀಟು, ಬಹಿರಂಗ ಪರೀಕ್ಷೆ, ಶೇ. 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದರಷ್ಟು ಹುಡುಗಿಯರಿಗೆ. ಆರಿಸುವ ನಿಯಮ ಎಲ್ಲರಿಗೂ ತಿಳಿದಿರುತ್ತದೆ. ಅರ್ಜಿ ಹಾಕುವವರು ಅದನ್ನು ಒಪ್ಪಿಯೇ ಹಾಕುತ್ತಾರೆ. ಎಲ್‌ಕೆಜಿಯಿಂದ ಹತ್ತು ವರ್ಷ ಶುಲ್ಕ ಪಡೆದು, ಹನ್ನೊಂದನೆಯ ವರ್ಷ ನಿನ್ನನ್ನು ನಾವು ಆರಿಸಿಲ್ಲ ಎನ್ನುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಹಾಗೆಯೇ ಸಾಧನೆಗೆ ಜರಡಿ ಅನಿವಾರ್ಯ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. 2024ರಲ್ಲಿ ಇಡೀ ರಾಜ್ಯದಲ್ಲಿ 625ಕ್ಕೆ 625 ಪಡೆದ ಏಕೈಕ ವಿದ್ಯಾರ್ಥಿನಿ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. 2025ರಲ್ಲಿ ಪೂರ್ಣ ಅಂಕ ಪಡೆದ 22 ಮಂದಿಯಲ್ಲಿ ಶಿರಸಿಯ ಸರ್ಕಾರಿ ಉರ್ದು ಪ್ರೌಢಶಾಲೆಯ ವಿದ್ಯಾರ್ಥಿನಿಯೂ ಇದ್ದಳು. ಹೆಬ್ಬಾಳದ ಮೇಲ್ಸೇತುವೆಯ ಬಳಿ ತೂಗುವ ಯಾವ ಫ್ಲೆಕ್ಸಿನಲ್ಲೂ ಆ ಶಾಲೆಗಳ ಹೆಸರಿರುವುದಿಲ್ಲ.

ಈಗ ಸ್ವಲ್ಪ ಕಹಿಯಾದ ವಿಷಯಕ್ಕೆ ಬರೋಣ. ಈ ರೋಗ ಇತರರ ಶಾಲೆಗಳಲ್ಲಿ ಮಾತ್ರ ಇದೆ ಎಂದು ಬರೆದು ಮುಗಿಸಿದ್ದರೆ ಓದುಗರಿಗೆ ಹಿತವಾಗುತ್ತಿತ್ತು. ಆದರೆ ಸಮುದಾಯದ ಹೆಸರಿನಲ್ಲಿ, ಸಮುದಾಯದ ಹಣದಲ್ಲಿ ಕಟ್ಟಿದ ಶಾಲೆಗಳೂ ಇದೇ ಹಾದಿ ಹಿಡಿದಿವೆ. 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರು ಬೆಂಗಳೂರಿನಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದಾಗ ಹಿಂದುಳಿದ ಸಮುದಾಯವೊಂದಕ್ಕೆ ಓದಿನ ದಾರಿ ತೆರೆಯುವುದೇ ದೊಡ್ಡ ಕನಸಾಗಿತ್ತು. ಆ ಬಳಿಕ ರಾಜ್ಯದ ಊರೂರುಗಳಲ್ಲಿ ಹುಟ್ಟಿಕೊಂಡ ಇಂಥ ಶಾಲೆಗಳಿಗೆ ಸಂವಿಧಾನದ 30ನೆಯ ವಿಧಿ ಆಶ್ರಯ ಕೊಟ್ಟಿದೆ. 2014ರ ಪ್ರಮತಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಮ್ ಕೋರ್ಟ್ ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂಶಯ ವ್ಯಕ್ತಪಡಿಸಿ, ವಿಷಯವನ್ನು ಹಿರಿಯ ಪೀಠದ ಪರಿಗಣನೆಗೆ ಬಿಟ್ಟಿದೆ. ನಾಳೆ ನಮ್ಮ ವಕೀಲರು ಅಲ್ಲಿ ನಿಂತು, ಈ ವಿನಾಯಿತಿ ಸಮುದಾಯದ ಮಕ್ಕಳ ಹಿತಕ್ಕಾಗಿ ಬೇಕು ಎಂದು ವಾದಿಸಲಿದ್ದಾರೆ. ಸರಿಯಾದ ವಾದವೇ. ಆದರೆ ಅದೇ ಸಮುದಾಯದ ಗುಜರಿ ವ್ಯಾಪಾರಿಯ ಮಗನನ್ನು ಒಂಬತ್ತರಲ್ಲಿ ಹೊರಕಳುಹಿಸಿದ ಹಾಜರಿ ಪುಸ್ತಕ ಆ ನ್ಯಾಯಾಲಯದ ಮುಂದೆ ಬಂದರೆ ಏನೆಂದು ಉತ್ತರಿಸೋಣ? ಊರ ಗಣ್ಯರೊಂದಿಗೆ ಮಾತುಕತೆಯಲ್ಲಿದ್ದ ಪ್ರವಾದಿಯವರು(ಸ) ಕಲಿಯಲೆಂದು ಬಂದ ಅಂಧ ಸಂಗಾತಿಯ ಕಡೆಗೆ ಗಮನ ಕೊಡದಿದ್ದ ಒಂದೇ ಒಂದು ಗಳಿಗೆಗಾಗಿ ಕುರ್‌ಆನಿನ ಒಂದು ಅಧ್ಯಾಯವೇ ಅವತೀರ್ಣವಾಯಿತು. ಆ ಅಧ್ಯಾಯವನ್ನು ಶಾಲಾ ವಾರ್ಷಿಕೋತ್ಸವಗಳಲ್ಲಿ ನಮ್ಮ ಮಕ್ಕಳು ಸೊಗಸಾಗಿ ಪಠಿಸುತ್ತಾರೆ.

ಶಿಕ್ಷಕರ ಅಹವಾಲನ್ನೂ ಕೇಳಬೇಕು. ಒಂದೇ ಕೊಠಡಿಯಲ್ಲಿ ಅರುವತ್ತು ಮಕ್ಕಳು, ಅವರಲ್ಲಿ ಒಬ್ಬನಿಗೆ ಬೀಜಗಣಿತ ಸಲೀಸು, ಇನ್ನೊಬ್ಬನಿಗೆ ಭಾಗಾಕಾರವೇ ಬಾರದು, ಇಬ್ಬರಿಗೂ ಒಟ್ಟಿಗೆ ಪಾಠ ಮಾಡುವುದು ಹೇಗೆ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಗಣಿತದಲ್ಲಿ ಹಿಂದಿರುವ ಮಕ್ಕಳನ್ನು ಆ ವಿಷಯಕ್ಕೆ, ಆ ಒಂದು ಗಂಟೆಗೆ, ಆರು ವಾರಗಳ ಮಟ್ಟಿಗೆ ಬೇರೆ ಕೂರಿಸಿ ಒಳ್ಳೆಯ ಶಿಕ್ಷಕರಿಂದಲೇ ಕಲಿಸುವುದು ಒಂದು. ಮಗುವನ್ನೇ ಇಡಿಯಾಗಿ ‘ಸಿ’ ಎಂದು ಕರೆದು ಮೂರು ವರ್ಷ ಅಲ್ಲೇ ಬಿಡುವುದು ಇನ್ನೊಂದು. ಸಿಂಗಾಪುರದಷ್ಟು ಕಟ್ಟುನಿಟ್ಟಾಗಿ ಮಕ್ಕಳನ್ನು ವಿಂಗಡಿಸಿದ ದೇಶಗಳು ಕಡಿಮೆ. 1980ರ ದಶಕದ ಆರಂಭದಿಂದ ಅಲ್ಲಿ ಪ್ರಾಥಮಿಕ ಹಂತದ ಕೊನೆಯ ಪರೀಕ್ಷೆ ಮಕ್ಕಳನ್ನು ಬೇರೆ ಬೇರೆ ಶ್ರೇಣಿಗಳಿಗೆ ಹಂಚುತ್ತಿತ್ತು. ಕೆಳಗಿನ ಶ್ರೇಣಿಯ ಮಕ್ಕಳು ತಮ್ಮ ಬಗ್ಗೆಯೇ ನಂಬಿಕೆ ಕಳೆದುಕೊಳ್ಳುತ್ತಾರೆ ಎಂಬುದನ್ನು ಅಲ್ಲಿನ ಸರ್ಕಾರವೇ ಒಪ್ಪಿಕೊಂಡು, 2024ರಲ್ಲಿ ಪ್ರೌಢಶಾಲೆ ಸೇರಿದ ಮಕ್ಕಳಿಂದ ಆ ಶ್ರೇಣಿಗಳನ್ನು ತೆಗೆದುಹಾಕಿತು. ಈಗ ತರಗತಿ ಎಲ್ಲರಿಗೂ ಒಂದೇ, ವಿಷಯದ ಮಟ್ಟ ಮಾತ್ರ ಮಗುವಿಗೆ ತಕ್ಕಂತೆ. ಅಷ್ಟು ದೂರವೂ ಹೋಗಬೇಕಾಗಿಲ್ಲ. ನಮ್ಮದೇ ಹಿಫ್ಝ್ ತರಗತಿಯಲ್ಲಿ ಹತ್ತಾರು ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತಿರುತ್ತಾರೆ. ಒಬ್ಬನ ಸಬಕ್ ದಿನಕ್ಕೊಂದು ಪುಟ, ಇನ್ನೊಬ್ಬನದು ಮೂರು ಸಾಲು. ಉಸ್ತಾದರು ಪ್ರತಿಯೊಬ್ಬನ ಪಾಠವನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತಾರೆ. ಮದ್ರಸಾಗಳಲ್ಲಿ ತಿದ್ದಿಕೊಳ್ಳಬೇಕಾದದ್ದು ಬೇಕಾದಷ್ಟಿದೆ, ಬೆತ್ತವೂ ಅದರಲ್ಲಿ ಸೇರಿದೆ. ಆದರೆ ನಿಧಾನವಾಗಿ ಕಲಿಯುವವನಿಗೆ ಬೇರೆ ಕೊಠಡಿ ಕಟ್ಟುವ ಯೋಚನೆ ಆ ಚಾಪೆಯ ಮೇಲೆ ಎಂದೂ ಹುಟ್ಟಲಿಲ್ಲ. ಬೀದರಿನ ಶಾಹೀನ್ ಸಂಸ್ಥೆ ಶಾಲೆ ಬಿಟ್ಟ ಮಕ್ಕಳಿಗೆ ಮತ್ತು ಹಾಫಿಝ್‌ಗಳಿಗೆ ‘ಅಕಾಡೆಮಿಕ್ ಇಂಟೆನ್ಸಿವ್ ಕೇರ್ ಯೂನಿಟ್’ ಎಂಬ ಹೆಸರಿನಲ್ಲಿ ವಿಶೇಷ ಗಮನ ಕೊಟ್ಟು ಮುಖ್ಯ ತರಗತಿಗೆ ಮರಳಿಸುವ ವ್ಯವಸ್ಥೆ ಮಾಡಿದೆ. ಹೆಸರು ಆಸ್ಪತ್ರೆಯದ್ದು. ಕಾಯಿಲೆಯವನನ್ನು ಹೊರಹಾಕಿ ಎಲ್ಲರೂ ಆರೋಗ್ಯವಾಗಿದ್ದಾರೆ ಎಂದು ಬೋರ್ಡು ಹಾಕುವ ಆಸ್ಪತ್ರೆಯನ್ನು ನಾವು ಯಾರೂ ಒಪ್ಪಲಾರೆವಷ್ಟೆ?

ವಿಶಾಖಪಟ್ಟಣದಲ್ಲಿ ನೀಟ್‌ಗೆ ತಯಾರಾಗುತ್ತಿದ್ದ ಹದಿನೇಳರ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ 2025ರ ಜುಲೈ 25ರಂದು ಹದಿನೈದು ಮಾರ್ಗಸೂಚಿಗಳನ್ನು ಕೊಟ್ಟಿತು. ಅಂಕಗಳ ಆಧಾರದಲ್ಲಿ ಬ್ಯಾಚುಗಳನ್ನು ಬೇರ್ಪಡಿಸುವುದು, ಎಲ್ಲರೆದುರು ಅವಮಾನಿಸುವುದು, ಮಗುವಿನ ಸಾಮರ್ಥ್ಯ ಮೀರಿದ ಗುರಿ ಹೇರುವುದು, ಇವುಗಳಿಂದ ಶಿಕ್ಷಣ ಸಂಸ್ಥೆಗಳು, ಅದರಲ್ಲೂ ಕೋಚಿಂಗ್ ಕೇಂದ್ರಗಳು ಸಾಧ್ಯವಾದಷ್ಟೂ ದೂರವಿರಬೇಕು ಎಂಬುದು ಅವುಗಳಲ್ಲಿ ಒಂದು. ಸಂಸತ್ತು ಕಾನೂನು ಮಾಡುವ ತನಕ ಇವು ಜಾರಿಯಲ್ಲಿರುತ್ತವೆ ಎಂದೂ ಅದು ಹೇಳಿತು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವ ಕಳೆದುಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗ ಲೆಕ್ಕ ಕೊಟ್ಟಿದೆ. ಎಲ್ಲ ಸಾವುಗಳಿಗೂ ಅಂಕವೇ ಕಾರಣವಲ್ಲ. ಆದರೆ ಅಂಕದ ಕಾರಣಕ್ಕೆ ನಡೆಯುವ ಪ್ರತಿಯೊಂದು ಸಾವಿನಲ್ಲೂ ಶಾಲೆಯೊಂದಿಗೆ ಮನೆಯೂ ಇರುತ್ತದೆ.

ಹೌದು, ಮನೆಯೂ. ಮದುವೆ ಮನೆಯ ಊಟದ ಸಾಲಿನಲ್ಲಿ ಕುಳಿತು ಪಕ್ಕದವರ ಮಗಳಿಗೆ ಎಷ್ಟು ಬಂತು ಎಂದು ವಿಚಾರಿಸುವವರು ನಾವು. ಫ್ಲೆಕ್ಸ್ ನೋಡಿ ಶಾಲೆ ಆರಿಸುವವರು ನಾವು. ‘ಎ’ ಸೆಕ್ಷನ್‌ಗೆ ಹಾಕಿಸಿಕೊಡಿ ಎಂದು ಆಡಳಿತ ಮಂಡಳಿಯ ಸದಸ್ಯರ ಮನೆ ಬಾಗಿಲು ತಟ್ಟುವವರೂ ನಾವೇ. ನಮ್ಮ ಮಗು ‘ಎ’ಯಲ್ಲಿರುವ ತನಕ ವಿಂಗಡಣೆ ನಮಗೆ ಅನ್ಯಾಯವಾಗಿ ಕಾಣುವುದಿಲ್ಲ. ಶಾಲೆಗಳು ನೂರನ್ನು ಮಾರುತ್ತಿರುವುದು ಕೊಳ್ಳುವವರು ಇರುವುದರಿಂದ.

ಪ್ರವೇಶದ ಅರ್ಜಿ ಪಡೆಯಲು ಹೋದಾಗ ಹೆತ್ತವರು ಎರಡು ಸಂಖ್ಯೆಗಳನ್ನು ಕೇಳಲಿ. ಎರಡು ವರ್ಷಗಳ ಹಿಂದೆ ಈ ಶಾಲೆಯ ಎಂಟನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು? ಅವರಲ್ಲಿ ಎಷ್ಟು ಮಂದಿ ಇದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಬರೆದರು? ಉತ್ತರ ಹಾಜರಿ ಪುಸ್ತಕದಲ್ಲಿದೆ, ಹುಡುಕಲು ಐದು ನಿಮಿಷ ಸಾಕು. ಸಮುದಾಯದ ಶಾಲೆಗಳ ಆಡಳಿತ ಮಂಡಳಿಗಳಿಗೂ ನಮ್ಮದು ಇದೇ ಕೋರಿಕೆ. ಈ ಬಾರಿ ಫಲಿತಾಂಶದ ಜಾಹೀರಾತಿನೊಂದಿಗೆ ಆ ಎರಡು ಸಂಖ್ಯೆಗಳನ್ನೂ ನಮಗೆ ಕಳುಹಿಸಿಕೊಡಿ. ಶೇಕಡಾ ಎಂಬತ್ತು ಬಂದಿದ್ದರೂ ಚಿಂತೆಯಿಲ್ಲ. ಎಂಟರಲ್ಲಿದ್ದ ಎಲ್ಲ ಮಕ್ಕಳೂ ಹತ್ತರಲ್ಲಿ ಇದ್ದ ಶಾಲೆಯ ಹೆಸರನ್ನು ಈ ಪತ್ರಿಕೆ ಮೊದಲ ಪುಟದಲ್ಲೇ, ಶುಲ್ಕವಿಲ್ಲದೆ ಪ್ರಕಟಿಸುತ್ತದೆ.